ಪ್ರವಚನ ಗ್ರಂಥಗಳಲ್ಲಿ ಆಕರ ನಿರ್ದೇಶನ

ವಚನ ಸಾಹಿತ್ಯವನ್ನು ಕುರಿತ ಪ್ರವಚನಗಳಲ್ಲಿ ಮಂಗಳೂರಿನ ಹೆಸರು ಬರುವುದು ಬಹುಮಟ್ಟಿಗೆ ಒಂದೇ ಪ್ರಸಂಗದಲ್ಲಿ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಕಲೆಹಾಕಿ, ಪ್ರತಿ ಎತ್ತಿ, ಸಿದ್ಧಪಡಿಸಿದ 'ವಚನಶಾಸ್ತ್ರಸಾರ'ದ ಹಸ್ತಪ್ರತಿಯನ್ನು ಮುದ್ರಣಕ್ಕಾಗಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ, ಅಲ್ಲಿಯವರು ಅದನ್ನು ಅಚ್ಚುಹಾಕದೆ ಹಿಂದಿರುಗಿಸಿದರೆಂದೂ ಆ ಪ್ರಸಂಗ. ಇಷ್ಟು ಮಾತ್ರವಾದರೆ ಅದು ಒಂದು ವಾಕ್ಯದ ಸಂಗತಿ. ಆದರೆ ಪ್ರವಚನದ ವೇದಿಕೆಯ ಮೇಲೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಹೇಳುವವರು ಬದಲಾದಂತೆ ಹಸ್ತಪ್ರತಿ ಮಂಗಳೂರಿನಲ್ಲಿ ಉಳಿದ ಅವಧಿ ಬದಲಾಗುತ್ತದೆ. ಹಿಂದಿರುಗಿಸಿದ ಕಾರಣ ಬದಲಾಗುತ್ತದೆ. ಕೊನೆಗೆ ಮುದ್ರಣಾಲಯದ ಅಧಿಕಾರಿಯ ಬಾಯಿಗೆ ಒಂದು ಪೂರ್ಣ ಸಂಭಾಷಣೆಯೇ ಬಂದು ಸೇರುತ್ತದೆ. ಈ ಗ್ರಂಥ ಹೊರಬಂದರೆ ಕ್ರೈಸ್ತ ಮತವನ್ನು ಕೇಳುವವರು ಯಾರೂ ಇರಲಾರರು ಎಂದು ಆತ ನುಡಿದುದಾಗಿ, ಆತನ ಎದುರಿಗೇ ಕುಳಿತು ಕೇಳಿದವರಂತೆ, ಪ್ರವಚನಕಾರರು ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮರುವರ್ಷ ಆ ಪ್ರವಚನ ಗ್ರಂಥವಾಗಿ ಅಚ್ಚಾದಾಗ ಚಪ್ಪಾಳೆಯೊಂದನ್ನುಳಿದು ಮಿಕ್ಕೆಲ್ಲವೂ ಅಚ್ಚಾಗಿರುತ್ತದೆ. ಈ ಮಾತು ಎಲ್ಲಿಂದ ಬಂದುದು ಎಂದು ಕೇಳುವ ಓದುಗನಿಗೆ ಪುಟದ ಅಡಿಯಲ್ಲಿ ಖಾಲಿ ಜಾಗ ಮಾತ್ರ ಕಾಣುತ್ತದೆ.

ಈ ಪ್ರಸಂಗವನ್ನು ಸುಳ್ಳೆನ್ನುವುದು ಇಲ್ಲಿಯ ಉದ್ದೇಶವಲ್ಲ. ಹಳಕಟ್ಟಿಯವರ ಪರಿಶ್ರಮವನ್ನು ಬಲ್ಲವರು ಅದನ್ನು ಗೌರವದಿಂದಲೇ ನೆನೆಯುತ್ತ ಬಂದಿದ್ದಾರೆ. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಅವರು ವಿಜಯಪುರದಲ್ಲಿ ತಮ್ಮದೇ ಆದ ಹಿತಚಿಂತಕ ಮುದ್ರಣಾಲಯವನ್ನು ನಡೆಸಿ, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಇವು ನಿರ್ವಿವಾದ ಸಂಗತಿಗಳು. ಪ್ರಶ್ನೆ ಇರುವುದು ಅಧಿಕಾರಿಯ ಬಾಯಿಗೆ ಹಾಕಿದ ಮಾತಿನಲ್ಲಿ. ಮೊದಲ ಮಹಾಯುದ್ಧದ ಫಲವಾಗಿ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಈ ನಾಡನ್ನು ಬಿಡಬೇಕಾಗಿ ಬಂದಿತ್ತು. ಮಿಶನ್ನಿನ ಉದ್ಯಮಗಳು ಕೈ ಬದಲಿಸಿದ್ದವು. ಹಾಗಿರುವಲ್ಲಿ 1920ರ ಬಳಿಕ ಆ ಮುದ್ರಣಾಲಯದಲ್ಲಿ ಹಸ್ತಪ್ರತಿಯನ್ನು ಕೈಗೆತ್ತಿಕೊಂಡು ಓದಿದವರು ಯಾರು? ಬೇಡವೆಂದವರು ಯಾರು? ಬೇಡವೆಂದುದು ಮತದ ಭಯದಿಂದಲೋ, ಖರ್ಚಿನ ಲೆಕ್ಕದಿಂದಲೋ? ಇವಕ್ಕೆ ಉತ್ತರ ಕೊಡಬಲ್ಲದು ಒಂದು ಪತ್ರ, ಇಲ್ಲವೆ ಆ ಪತ್ರವನ್ನು ಕಂಡವರ ಬರೆಹ. ಅದನ್ನು ಹೆಸರಿಸಿ ಹೇಳುವ ಪ್ರವಚನ ಗ್ರಂಥ ತೀರ ವಿರಳ. ಇನ್ನೂ ಒಂದು ಸಂಗತಿಯಿದೆ. ಮಿಶನ್ನಿನ ಇದೇ ಮಂಗಳೂರಿನ ಮುದ್ರಣಾಲಯದಲ್ಲಿ, ಹರ್ಮನ್ ಮೋಗ್ಲಿಂಗರ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ, 1850ರ ಹೊತ್ತಿಗೆ ಭೀಮಕವಿಯ 'ಬಸವಪುರಾಣ' ಕಲ್ಲಚ್ಚಿನಲ್ಲಿ ಹೊರಬಂದಿತ್ತು. ಶರಣರ ಕಥೆಯನ್ನು ಮುದ್ರಿಸಲು ಅಂದು ಅಂಜದಿದ್ದ ಮನೆ ಎಪ್ಪತ್ತು ವರ್ಷಗಳ ಬಳಿಕ ಶರಣರ ಮಾತಿಗೆ ಅಂಜಿತೆಂದು ಹೇಳುವವನು, ಆ ಮಧ್ಯೆ ಏನಾಯಿತೆಂಬುದನ್ನೂ ಹೇಳಬೇಕಾಗುತ್ತದೆ. ಮಂಗಳೂರಿನ ಮಿಶನ್ ಸೆಮಿನರಿಯಲ್ಲಿ ಓದಿ ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು ವಚನಗಳ ಸಂಪಾದನೆಗೆ ತಮ್ಮ ಬಾಳಿನ ಬಹುಭಾಗವನ್ನು ಸವೆಸಿದರೆಂಬುದನ್ನೂ ಅದೇ ಉಸಿರಿನಲ್ಲಿ ನೆನೆಯಬೇಕಾಗುತ್ತದೆ. ಆಕರವನ್ನು ಅರಸಲು ಹೊರಟಿದ್ದರೆ ಈ ಸಂಗತಿಗಳೆಲ್ಲ ಪ್ರವಚನಕಾರನಿಗೆ ದಾರಿಯಲ್ಲೇ ಸಿಕ್ಕುತ್ತಿದ್ದವು. ಪ್ರಸಂಗವೂ ಇನ್ನಷ್ಟು ಸ್ವಾರಸ್ಯವಾಗುತ್ತಿತ್ತು.

ಮಂಗಳೂರು ಪ್ರವಚನ ಗ್ರಂಥಗಳಲ್ಲಿ ಬರಬೇಕಾದುದು ಬೇರೊಂದು ಕಾರಣಕ್ಕೆ. 1894ರಲ್ಲಿ ಇಲ್ಲಿಯ ಮಿಶನ್ ಮುದ್ರಣಾಲಯದಿಂದ ಹೊರಬಿದ್ದ ಫರ್ಡಿನಾಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ಅದರ ಯಾವ ಪುಟವನ್ನು ತೆರೆದರೂ ಶಬ್ದದ ಅರ್ಥದ ಮಗ್ಗುಲಿಗೆ ಚಿಕ್ಕ ಚಿಕ್ಕ ಸಂಕೇತಗಳು ಕಾಣುತ್ತವೆ. ಈ ಪ್ರಯೋಗ 'ಬಸವಪುರಾಣ'ದ್ದು, ಇದು 'ಶಬ್ದಮಣಿದರ್ಪಣ'ದ್ದು, ಇದು ಗಾದೆಯಲ್ಲಿ ಬಂದುದು ಎಂದು ಒಂದೊಂದಕ್ಕೂ ಗುರುತು. ಗ್ರಂಥದ ಮೊದಲಲ್ಲಿ ಆ ಸಂಕೇತಗಳ ವಿವರಣೆ. ಪರದೇಶದಿಂದ ಬಂದ ಒಬ್ಬ ಪಾದ್ರಿ ಕನ್ನಡದ ಒಂದೊಂದು ಶಬ್ದವನ್ನು ಯಾರ ಮನೆಯಿಂದ ಎರವಲು ತಂದೆನೆಂದು ಬರೆದಿಟ್ಟರು. ಸಂಕೇತವೊಂದು ಎರಡು ಮೂರು ಅಕ್ಷರದ್ದು; ಅದು ಓದುವವನ ಕಣ್ಣಿಗೆ ಅಡ್ಡ ಬರುವುದಿಲ್ಲ; ಬೇಕಾದವನಿಗೆ ದಾರಿ ತೋರುತ್ತದೆ. ಅಡಿಟಿಪ್ಪಣಿಯೆಂದರೆ ಪಾಂಡಿತ್ಯ ಪ್ರದರ್ಶನವೆಂದು ಮೂಗು ಮುರಿಯುವವರು ಈ ನಿಘಂಟಿನ ಒಂದು ಪುಟವನ್ನು ನೋಡಿದರೆ ಸಾಕು.

ಪ್ರವಚನದಲ್ಲಿ ಆಕರ ನಿರ್ದೇಶನವೆಂಬುದು ಹೊರಗಿನಿಂದ ತಂದು ಹೇರಬೇಕಾದ ವಿಶ್ವವಿದ್ಯಾಲಯದ ಪದ್ಧತಿಯೆಂಬ ಭಾವನೆ ಹಲವರಲ್ಲಿದೆ. ವಚನ ಪರಂಪರೆಯನ್ನು ಒಳಗಿನಿಂದ ನೋಡಿದವರಿಗೆ ಹಾಗೆ ತೋರದು. ಚನ್ನಬಸವಣ್ಣನವರೇ ಮೊದಲಾದವರ ಹಲವಾರು ವಚನಗಳಲ್ಲಿ ಒಂದು ತತ್ತ್ವವನ್ನು ಹೇಳಿ, 'ಅದೆಂತೆಂದಡೆ' ಎಂದು ತಡೆದು, ಸಂಸ್ಕೃತ ಶ್ಲೋಕವನ್ನು ಮುಂದಿಡುವ ಕ್ರಮವಿದೆ. ಹಸ್ತಪ್ರತಿಗಳಲ್ಲಿ ಇಂತಹ ಶ್ಲೋಕಕ್ಕೆ 'ಸಾಕ್ಷಿ' ಎಂದೇ ಹೆಸರು. ಸಾಕ್ಷಿ ಎಂಬ ಈ ಮಾತು ಬಹಳ ಅರ್ಥವುಳ್ಳದ್ದು. ಹೇಳುವವನು ತನ್ನ ಮಾತನ್ನು ತಾನೇ ನಿರ್ಣಯಿಸದೆ ಇನ್ನೊಬ್ಬರನ್ನು ಕರೆದು ನಿಲ್ಲಿಸುತ್ತಾನೆ. ಕೇಳುವವನು ಆ ಸಾಕ್ಷಿಯನ್ನು ಪ್ರಶ್ನಿಸಬಹುದು. ಆ ಶ್ಲೋಕಗಳಲ್ಲಿ ಎಷ್ಟೋ ಇಂದಿಗೂ ಮೂಲ ಸಿಕ್ಕದೆ ಉಳಿದಿರುವುದು ನಿಜ. ಆದರೆ ಅವು ಉದ್ಧೃತ ವಾಕ್ಯಗಳೆಂದು ತಿಳಿಯುವಂತೆ ಬರೆದುದರಿಂದಲೇ ಮೂಲ ಸಿಕ್ಕಿಲ್ಲವೆಂಬುದು ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದುದು ಅಂಕಿತ. ಶರಣನು ತನ್ನ ವಚನದ ಕೊನೆಗೆ ಇಡುವುದು ಸಾಮಾನ್ಯವಾಗಿ ತನ್ನ ಹೆಸರನ್ನಲ್ಲ, ತನ್ನ ಇಷ್ಟದೈವದ ಹೆಸರನ್ನು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬುವು ಕೇವಲ ಕರ್ತೃವಿನ ಗುರುತುಗಳಾಗಿದ್ದರೆ ಅವುಗಳಿಗೆ ಇಷ್ಟು ಬೆಲೆಯಿರುತ್ತಿರಲಿಲ್ಲ. ಆಡಿದ ಮಾತನ್ನು ಆ ದೈವದ ಎದುರಿನಲ್ಲಿ ಆಡಿದ್ದೇನೆ, ಅದಕ್ಕೆ ನಾನು ಹೊಣೆ ಎಂಬ ಒಪ್ಪಿಗೆ ಅಂಕಿತದಲ್ಲಿದೆ. ಶೂನ್ಯಸಂಪಾದನೆಯ ನಾಲ್ವರು ಸಂಕಲನಕಾರರೂ, ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ, ಸಂವಾದವನ್ನು ತಮಗೆ ಬೇಕಾದಂತೆ ಹೆಣೆದರು, ಪ್ರಸಂಗಗಳನ್ನು ಸೇರಿಸಿದರು, ನಡುವೆ ತಮ್ಮ ಗದ್ಯವನ್ನು ಬರೆದರು. ಆದರೂ ವಚನಕ್ಕೆ ಅಂಕಿತವಿದೆ, ಸಂಕಲನಕಾರನ ಗದ್ಯಕ್ಕೆ ಇಲ್ಲ. ಯಾವುದು ಶರಣರ ಮಾತು, ಯಾವುದು ಜೋಡಿಸಿದವರ ಮಾತು ಎಂಬುದು ಐದು ಶತಮಾನಗಳ ಬಳಿಕವೂ ಓದುಗನಿಗೆ ತಿಳಿಯುತ್ತದೆ. ಇಂದಿನ ಪ್ರವಚನ ಗ್ರಂಥಗಳಲ್ಲಿ ಎಷ್ಟರಲ್ಲಿ ಇದು ತಿಳಿಯುತ್ತದೆ? ವಚನದ ಎರಡು ಸಾಲು, ಅದರ ಮೇಲೆ ಪ್ರವಚನಕಾರರ ವಿಸ್ತರಣೆ, ಮತ್ತೆ ವಚನದ ಒಂದು ಸಾಲು, ಎಲ್ಲಕ್ಕೂ ಒಂದೇ ಅಕ್ಷರ, ಎಲ್ಲಿಯೂ ಉದ್ಧರಣ ಚಿಹ್ನೆಯಿಲ್ಲ. ಅಂಕಿತವಂತೂ ಕಾಲ ಉಳಿಸಲೆಂದು ವೇದಿಕೆಯಲ್ಲೇ ಬಿಟ್ಟುಹೋಗಿರುತ್ತದೆ.

ಹೀಗೆ ಬಿಟ್ಟುಹೋದುದರ ಫಲ ಎಂತಹುದೆಂಬುದಕ್ಕೆ 'ಕಾಯಕವೇ ಕೈಲಾಸ' ಎಂಬ ಮಾತೊಂದೇ ಸಾಕು. ಸರಕಾರಿ ಕಚೇರಿಯ ಗೋಡೆಯಿಂದ ಹಿಡಿದು ಶಾಲೆಯ ಪ್ರಬಂಧದವರೆಗೆ, ಮಠಗಳು ಹೊರಡಿಸಿದ ಪ್ರವಚನ ಸಂಗ್ರಹಗಳಲ್ಲಿ ಕೂಡ, ಇದು ಬಸವಣ್ಣನವರ ಮಾತೆಂದೇ ಅಚ್ಚಾಗುತ್ತದೆ. ಇದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ಅಂಕಿತ ಅಮರೇಶ್ವರಲಿಂಗ. ಬಸವಣ್ಣನವರಂತಹ ಮಹಾನುಭಾವರ ಹೆಸರಿಗೆ ಇನ್ನೊಂದು ಒಳ್ಳೆಯ ಮಾತು ಸೇರಿದರೆ ಕೆಡುವುದೇನು ಎಂದು ಕೇಳುವವರುಂಟು. ಕೆಡುವುದು ಬಹಳ. ಮಾರಯ್ಯನು ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚಾಗಿ ತಂದಾಗ, ಇದು ಆಸೆಯಲ್ಲವೇ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತಿದೆ. ಅಂತಹವನು ಕಾಯಕದಲ್ಲಿ ಮುಳುಗಿದವನಿಗೆ ಗುರುದರ್ಶನ, ಲಿಂಗಪೂಜೆಗಳ ನೆನಪೂ ಬೇಡ, ಜಂಗಮನು ಎದುರು ನಿಂತರೂ ಹಂಗು ಬೇಡ ಎನ್ನುವ ಮಟ್ಟಕ್ಕೆ ಹೋಗಿ, ಲಿಂಗವೇ ಆದರೂ ಕಾಯಕಕ್ಕೆ ಒಳಪಟ್ಟದ್ದೇ ಎನ್ನುತ್ತಾನೆ. ಅದೇ ಮಾತು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರ ಬಾಯಲ್ಲಿ ಬಂದರೆ ದುಡಿಯುವವರಿಗೆ ಮೇಲಿನಿಂದ ಕೊಟ್ಟ ಉಪದೇಶದಂತೆ ಕೇಳುತ್ತದೆ. ಅಕ್ಕಿ ಆಯುವವನ ಬಾಯಲ್ಲಿ ಬಂದರೆ ಅದು ದುಡಿಮೆಯೊಳಗೆ ನಿಂತವನ ಅನುಭವ. ಗುರು, ಲಿಂಗ, ಜಂಗಮ ಮೂರನ್ನೂ ಎದುರು ಹಾಕಿಕೊಳ್ಳುವ ಧೈರ್ಯ ಅದರಲ್ಲಿದೆ. ಆಕರವನ್ನು ಕಳೆದುಕೊಂಡ ಕಾರಣ ಈ ಮಾತು ತನ್ನ ಅರ್ಧ ಅರ್ಥವನ್ನೂ ಕಳೆದುಕೊಂಡಿತು. ಕಚೇರಿಯ ಗೋಡೆಗೆ ಅದು ಅಷ್ಟು ಸುಲಭವಾಗಿ ಒಗ್ಗಿಹೋದುದಕ್ಕೂ ಇದೇ ಕಾರಣವಿರಬಹುದು. ಹನ್ನೆರಡನೆಯ ಶತಮಾನದ ಚಳವಳಿಯ ಹೆಗ್ಗಳಿಕೆಯೇ ಅಕ್ಕಿ ಆಯುವವನಿಗೂ ಅಂಬಿಗನಿಗೂ ತನ್ನದೇ ಅಂಕಿತವಿತ್ತೆಂಬುದು. ಪ್ರತಿ ಪ್ರವಚನದಲ್ಲಿಯೂ ಈ ಹೆಗ್ಗಳಿಕೆಯನ್ನು ಸಾರಿ, ಅದೇ ಪ್ರವಚನದಲ್ಲಿ ಅವರ ಮಾತನ್ನು ಅವರಿಂದ ಕಸಿದು ಮಂತ್ರಿಗೆ ಒಪ್ಪಿಸಿದರೆ, ಹೇಳಿದ ತತ್ತ್ವ ಎಲ್ಲಿ ಉಳಿಯಿತು? ಬಸವಣ್ಣನವರೇ ಇದನ್ನು ಒಪ್ಪುತ್ತಿದ್ದರೇ?

ಅಂಕಿತಗಳ ಸಾಮ್ಯದಿಂದ ಬಸವಣ್ಣನವರ ವಚನ ಚನ್ನಬಸವಣ್ಣನವರಿಗೂ, ಅವರದು ಇವರಿಗೂ ಹೋಗುವುದು ಇನ್ನೊಂದು ಬಗೆ. ಇದು ಓಲೆಗರಿಗಳಲ್ಲೇ ನಡೆದಿದೆ. ಸಂಪಾದಕರು ಇದರೊಡನೆ ಹೆಣಗಿದ್ದಾರೆ. ಅಕ್ಕನ ಹೆಸರಿನಲ್ಲಿ, ಸರ್ವಜ್ಞನ ಹೆಸರಿನಲ್ಲಿ ಮೊಬೈಲಿನಲ್ಲಿ ಹರಿದಾಡುವ ಹೊಸ ಸಾಲುಗಳು ಮತ್ತೊಂದು ಬಗೆ. ಅವನ್ನು ಪ್ರಕ್ಷಿಪ್ತವೆಂದು ಕರೆಯುವುದೂ ಅವುಗಳಿಗೆ ಅತಿ ಗೌರವವಾದೀತು.

ಶರಣರ ಚರಿತ್ರೆಯನ್ನು ಹೇಳುವಾಗ ಆಗುವ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಬಸವಣ್ಣನವರು ಜನಿವಾರವನ್ನು ನಿರಾಕರಿಸಿದ ಪ್ರಸಂಗವಿಲ್ಲದ ಬಸವ ಜಯಂತಿಯ ಪ್ರವಚನವಿಲ್ಲ. ಬಾಲಕ ಬಸವರಸನು ಉಪನಯನದ ಮಂಟಪದಲ್ಲೇ ತಂದೆಯೊಡನೆ ವಾದಿಸಿ, ಜನಿವಾರ ಬೇಡವೆಂದು ಹೊರಟುಹೋದನೆಂಬುದು ಪಾಲ್ಕುರಿಕೆ ಸೋಮನಾಥನ ತೆಲುಗು 'ಬಸವಪುರಾಣ'ದಿಂದ 1369ರ ಭೀಮಕವಿಗೆ ಬಂದ ಕಥೆ. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಹೀಗಿಲ್ಲ. ಅಲ್ಲಿ ತಾಯಿತಂದೆಗಳು ತೀರಿಹೋಗಿ, ಮುತ್ತವ್ವೆಯ ಆಸರೆಯಲ್ಲಿ ಬೆಳೆದ ಬಸವಣ್ಣ, ತೊಟ್ಟಿದ್ದ ಜನಿವಾರವನ್ನು ತಾನೇ ಕಿತ್ತೊಗೆದು ಸಂಗಮಕ್ಕೆ ನಡೆಯುತ್ತಾನೆ. ಒಂದರಲ್ಲಿ ತಂದೆಯ ಎದುರು ನಿಂತ ಹುಡುಗ. ಇನ್ನೊಂದರಲ್ಲಿ ಎದುರು ನಿಲ್ಲಲು ಯಾರೂ ಇಲ್ಲದ, ತನ್ನೊಳಗೇ ತೀರ್ಮಾನಕ್ಕೆ ಬಂದ ತರುಣ. ಇವೆರಡೂ ಬೇರೆ ಬೇರೆ ಭಾವಗಳು, ಬೇರೆ ಬೇರೆ ಬಸವಣ್ಣ. ಪ್ರವಚನ ಗ್ರಂಥಗಳು ಇವೆರಡನ್ನೂ ಕಲಸಿ, ತಂದೆಯೊಡನೆ ವಾದವನ್ನು ಪುರಾಣದಿಂದಲೂ ಜನಿವಾರ ಕಿತ್ತೊಗೆಯುವುದನ್ನು ರಗಳೆಯಿಂದಲೂ ಎತ್ತಿಕೊಂಡು, ಯಾವ ಕವಿಯೂ ಬರೆಯದ ಮೂರನೆಯ ಕಥೆಯನ್ನು ಚರಿತ್ರೆಯೆಂದು ಹೇಳುತ್ತವೆ. ಅದನ್ನು ಓದಿ ಬಂದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಹರಿಹರನನ್ನು ಕುರಿತು ಬರೆಯಬೇಕಾದಾಗ ಏನು ಬರೆಯಬೇಕು? 'ಹರಿಹರನು ಹೇಳುವಂತೆ' ಎಂಬ ಎರಡೇ ಪದ ಇದ್ದಿದ್ದರೆ ಈ ಕಲಬೆರಕೆ ಆಗುತ್ತಲೇ ಇರಲಿಲ್ಲ. ಕವಿಯನ್ನು ಹೆಸರಿಸಿದ ಮೇಲೆ ಅವನು ಹೇಳದುದನ್ನು ಹೇಳುವುದು ಕಷ್ಟ. ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಇಬ್ಬರೋ ಒಬ್ಬರೋ ಎಂಬ ಚರ್ಚೆಯ ವಿಷಯವೂ ಹೀಗೆಯೇ. ವಿದ್ವಾಂಸರಲ್ಲಿ ಎರಡು ಪಕ್ಷಗಳಿರುವಾಗ, ಪ್ರವಚನಕಾರನು ಒಂದನ್ನು ಆಯ್ದುಕೊಳ್ಳಲಿ, ಅದು ಅವನ ಹಕ್ಕು. ಇನ್ನೊಂದು ಪಕ್ಷವಿದೆಯೆಂಬುದು ಅಡಿಟಿಪ್ಪಣಿಯಲ್ಲಾದರೂ ಇರಬೇಡವೇ?

ಇದಕ್ಕೆಲ್ಲ ಪ್ರವಚನಕಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಮಂಗಳೂರಿನ ಪ್ರೊಟೆಸ್ಟೆಂಟ್ ದೇವಾಲಯದಲ್ಲಿ ಬೋಧಕನು ಗ್ರಂಥದ ಹೆಸರು, ಅಧ್ಯಾಯ, ವಚನದ ಸಂಖ್ಯೆ ಹೇಳಿದ ಕೂಡಲೇ ಸಭಿಕರು ತಮ್ಮ ಕೈಯ ಪುಸ್ತಕದಲ್ಲಿ ಅದನ್ನು ತೆರೆದು ನೋಡುತ್ತಾರೆ. ಅದು ಸಾಧ್ಯವಾದುದು ಬೈಬಲಿನ ವಚನಗಳಿಗೆ ಮುದ್ರಣದಲ್ಲಿ ಸಂಖ್ಯೆ ಬಿದ್ದುದರಿಂದ; ಹೊಸ ಒಡಂಬಡಿಕೆಗೆ ಇಂದಿನ ಸಂಖ್ಯೆಗಳನ್ನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನು ಕೊಟ್ಟುದು 1551ರಲ್ಲಿ. ಶರಣರ ವಚನಗಳಿಗೆ ಅಂತಹ ಸರ್ವಸಮ್ಮತ ಕ್ರಮವಿರಲಿಲ್ಲ. ಓಲೆಯ ಕಟ್ಟುಗಳಲ್ಲಿ ಒಂದೊಂದು ಸಂಕಲನ ಒಂದೊಂದು ಬಗೆಯಲ್ಲಿ, ಸ್ಥಲಕ್ಕೆ ತಕ್ಕಂತೆ ಜೋಡಣೆಗೊಂಡಿತ್ತು. ಹಳಕಟ್ಟಿಯವರು ವಿಷಯವಾರಾಗಿ ಜೋಡಿಸಿದರು. ಶಿ. ಶಿ. ಬಸವನಾಳರು 1951ರಲ್ಲಿ ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಸಂಪಾದಿಸಿದಾಗ ಅವರದೊಂದು ಕ್ರಮ. ಆ ಬಳಿಕದ ಸಂಪಾದಕರದು ಬೇರೆ ಕ್ರಮ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರ 'ಸಮಗ್ರ ವಚನ ಸಂಪುಟ'ದ 15 ಸಂಪುಟಗಳನ್ನು ಹೊರತಂದ 1993ರ ಬಳಿಕವೇ ಎಲ್ಲ ವಚನಕಾರರಿಗೂ ಒಂದೇ ಮಾಲೆಯ ಸಂಪುಟ, ಸಂಖ್ಯೆ ಎರಡೂ ದೊರೆತುವು. ಅದಕ್ಕಿಂತ ಹಿಂದಿನ ಪ್ರವಚನಕಾರರು ಕಂಠಸ್ಥವಾದುದನ್ನು ನಂಬಿದರೆಂದು ಆಕ್ಷೇಪಿಸುವುದಕ್ಕೆ ಆಧಾರವಿಲ್ಲ. ಆಮೇಲಿನವರಿಗೆ ಆ ನೆವ ಇಲ್ಲ. ಈಗಂತೂ 'ವಚನ ಸಂಚಯ'ದಂತಹ ಅಂತರ್ಜಾಲದ ಸಂಗ್ರಹದಲ್ಲಿ ಒಂದು ಶಬ್ದವನ್ನು ಕೊಟ್ಟರೆ ಅದು ಯಾರ ಯಾರ ವಚನದಲ್ಲಿದೆಯೆಂದು ನಿಮಿಷದಲ್ಲಿ ತಿಳಿಯುತ್ತದೆ. ಸಭೆಯಲ್ಲಿ ಕುಳಿತ ಕಾಲೇಜು ವಿದ್ಯಾರ್ಥಿ ಪ್ರವಚನ ಮುಗಿಯುವುದಕ್ಕೆ ಮೊದಲೇ ಅದನ್ನು ನೋಡಿರುತ್ತಾನೆಂಬುದನ್ನೂ ಮರೆಯಬಾರದು.

ದಕ್ಷಿಣ ಕನ್ನಡದ ತಾಳಮದ್ದಲೆಯನ್ನು ಕೇಳಿದವರಿಗೆ ಇನ್ನೊಂದು ನಿದರ್ಶನ ನೆನಪಾದೀತು. ಅರ್ಥಧಾರಿಯು ಎಷ್ಟೇ ಆಶುವಾಗಿ ಮಾತನಾಡಿದರೂ ಪ್ರಸಂಗದ ಪದ್ಯ ಅವನ ಮುಂದಿರುತ್ತದೆ. ಆ ಪದ್ಯವನ್ನು ಭಾಗವತರು ಹಾಡಿಯೇ ಇರುತ್ತಾರೆ. ಅರ್ಥ ತನ್ನದು, ಪದ್ಯ ಕವಿಯದು ಎಂಬ ಗೆರೆ ಎಂದೂ ಅಳಿಸುವುದಿಲ್ಲ. ಶಾಸ್ತ್ರವಾಕ್ಯವನ್ನು ತಂದರೆ ಎದುರಿನ ಅರ್ಥಧಾರಿ ಅದೆಲ್ಲಿದೆಯೆಂದು ಅಲ್ಲೇ ಕೇಳಿಯಾನು. ಪ್ರವಚನಕಾರನಿಗೆ ಎದುರಾಳಿಯಿಲ್ಲ, ಅವನು ಪೂಜ್ಯ. ಕೇಳುವುದು ಅವಿನಯವೆಂದು ಭಕ್ತರು ಸುಮ್ಮನಿರುತ್ತಾರೆ. ಆದುದರಿಂದ ಕೇಳದೆಯೇ ಹೇಳುವ ಭಾರ ಅವನ ಮೇಲೆ ಇನ್ನೂ ಹೆಚ್ಚು.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಶರಣರು ಶಾಸ್ತ್ರಪ್ರಮಾಣಕ್ಕಿಂತ ಅನುಭಾವವನ್ನು ಮೇಲಿಟ್ಟವರು; ಓದಿದ ಮಾತನ್ನು ಒಪ್ಪಿಸುವವರನ್ನು ಅವರು ಗೇಲಿ ಮಾಡಿದ್ದಾರೆ. ಹಾಗಿರುವಾಗ ಅವರ ಮಾತನ್ನೇ ಪುಟಸಂಖ್ಯೆ ಹಾಕಿ ಪ್ರಮಾಣವಾಗಿ ನಿಲ್ಲಿಸುವುದು, ಅವರು ಒಡೆದುದನ್ನು ಮತ್ತೆ ಕಟ್ಟಿದಂತಲ್ಲವೇ? ಪ್ರವಚನವು ಹೃದಯದಿಂದ ಹೃದಯಕ್ಕೆ ಹೋಗಬೇಕಾದುದು; ಅಲ್ಲಿ ಸಂಪುಟ, ಪುಟಗಳಿಗೆ ಏನು ಕೆಲಸ? ಈ ಮಾತಿನಲ್ಲಿ ಒಂದು ಸತ್ಯವಿದೆ. ದೊಡ್ಡ ಗ್ರಂಥದ ಹೆಸರು ಹೇಳಿ ಸಭೆಯ ಬಾಯಿ ಮುಚ್ಚಿಸುವುದು ಶರಣಮಾರ್ಗವಲ್ಲ. ಪ್ರತಿ ವಾಕ್ಯಕ್ಕೂ ಟಿಪ್ಪಣಿ ಹೊತ್ತ ಪ್ರವಚನ ಓದುವುದಕ್ಕೂ ಆಗದು. ಆದರೆ ಶರಣರು ಗೇಲಿ ಮಾಡಿದುದು ಎರವಲು ಮಾತನ್ನು ತನ್ನ ಅನುಭವವೆಂಬಂತೆ ಆಡುವುದನ್ನು. ಅಲ್ಲಮನ ವಚನವನ್ನು ಅಂಕಿತವಿಲ್ಲದೆ ತನ್ನ ಮಾತಿನಲ್ಲಿ ಬೆರೆಸಿ, ಭಕ್ತರು ಅದನ್ನು ಪ್ರವಚನಕಾರರ ಅನುಭಾವವೆಂದು ಭ್ರಮಿಸಲು ಬಿಡುವುದು ಆ ಗೇಲಿಗೇ ಪಾತ್ರವಾದುದಲ್ಲವೇ? ಇದು ಗುಹೇಶ್ವರಾಂಕಿತದ್ದು ಎನ್ನುವವನು ತನ್ನ ಅನುಭವ ಎಲ್ಲಿ ನಿಲ್ಲುತ್ತದೆಂದು ಒಪ್ಪಿಕೊಳ್ಳುತ್ತಾನೆ.

ಅಂಕಿತವನ್ನು ಬದಲಿಸುವುದೇ ಆದರೆ ಅದನ್ನೂ ಬಹಿರಂಗವಾಗಿ ಮಾಡಬೇಕು. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಅಚ್ಚುಹಾಕಿದಾಗ ನಾಡಿನಲ್ಲಿ ದೊಡ್ಡ ವಿವಾದವೆದ್ದಿತು. 1998ರಲ್ಲಿ ರಾಜ್ಯ ಸರಕಾರ ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಆ ಬದಲಾವಣೆಯನ್ನು ಒಪ್ಪುವವರು ವಿರಳ, ಒಪ್ಪಲು ಕಾರಣವೂ ಇಲ್ಲ. ಆದರೂ ಅವರು ಮಾಡಿದುದು ಕಣ್ಣಿಗೆ ಕಾಣುವಂತಿತ್ತು. ಗ್ರಂಥ ಎದುರಿಗಿತ್ತು, ಮೂಲ ಪಾಠ ಸಿಗುತ್ತಿತ್ತು, ಎರಡನ್ನೂ ಹೋಲಿಸಿ ವಾದಿಸುವುದು ಸಾಧ್ಯವಾಯಿತು, ನ್ಯಾಯಾಲಯಕ್ಕೂ ಹೋಗುವುದು ಸಾಧ್ಯವಾಯಿತು. ಆಗ ಅಂಕಿತಕ್ಕಾಗಿ ಹೋರಾಡಿದ ಎಷ್ಟೋ ಸಂಸ್ಥೆಗಳ ಪ್ರಕಟಣೆಗಳಲ್ಲೇ ಅಂಕಿತವಿಲ್ಲದ ವಚನಗಳು ಪುಟಪುಟದಲ್ಲಿ ಕಾಣಸಿಗುತ್ತವೆಂಬುದು ವಿಚಿತ್ರ. ಬದಲಿಸಿದುದನ್ನು ಖಂಡಿಸಿದವರು ಬಿಟ್ಟುಬಿಡುವುದನ್ನು ಗಮನಿಸಲಿಲ್ಲ.

ಇನ್ನು ಆಚರಣೆಯ ಮಾತು. ವೇದಿಕೆಯಲ್ಲಿ ಹೇಳುವ ಪ್ರವಚನಕ್ಕೂ ಅಚ್ಚಾಗುವ ಪ್ರವಚನಕ್ಕೂ ಒಂದೇ ನಿಯಮ ಸಲ್ಲದು. ವೇದಿಕೆಯಲ್ಲಿ ವಚನಕಾರನ ಹೆಸರು ಹೇಳಿ, ಅಂಕಿತದವರೆಗೂ ವಚನವನ್ನು ಪೂರ್ತಿ ಓದಿದರೆ ಸಾಕು. ಸಂಖ್ಯೆಗಳನ್ನು ಒಪ್ಪಿಸುವುದು ಬೇಡ. ಶ್ರಾವಣ ಮಾಸದಲ್ಲಿ ತಿಂಗಳುದ್ದಕ್ಕೂ ನಡೆಯುವ ಪ್ರವಚನವನ್ನು ಯಾರೋ ಒಬ್ಬ ಭಕ್ತರು ಬರೆದುಕೊಂಡು, ಇಲ್ಲವೆ ಧ್ವನಿಮುದ್ರಿಸಿಕೊಂಡು, ಮರುವರ್ಷದ ಜಾತ್ರೆಗೆ ಗ್ರಂಥವಾಗಿ ಸಿದ್ಧಪಡಿಸುತ್ತಾರೆ. ಆಕರಗಳನ್ನು ಅರಸಬೇಕಾದುದು ಆ ನಡುವಿನ ವರ್ಷದಲ್ಲಿ. ಇದು ಪೂಜ್ಯರ ಕೆಲಸವಲ್ಲ, ಸಂಪಾದಕರ ಕೆಲಸ. ಹತ್ತಿರದ ಕಾಲೇಜಿನ ಇಬ್ಬರು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ವಹಿಸಿದರೆ ಅವರಿಗೂ ಅದೊಂದು ಶಿಕ್ಷಣ. ಗ್ರಂಥ ದಾಸೋಹಿಗಳ ಭಾವಚಿತ್ರಕ್ಕೆ ನಾಲ್ಕು ನುಣುಪು ಪುಟಗಳು ಸಿಗುವಲ್ಲಿ ಆಕರಸೂಚಿಗೆ ಎರಡು ಪುಟ ಸಿಗದೆಂದು ಹೇಳುವಂತಿಲ್ಲ.

ಟಿಪ್ಪಣಿಯಲ್ಲಿ ಇರಬೇಕಾದುದು ಸ್ವಲ್ಪವೇ: ವಚನಕಾರನ ಹೆಸರು, ಸಂಪುಟ, ಆವೃತ್ತಿಯ ವರ್ಷ, ವಚನದ ಕ್ರಮಸಂಖ್ಯೆ. ಪುಟಸಂಖ್ಯೆಯೊಂದನ್ನೇ ಕೊಟ್ಟರೆ ಮರುಮುದ್ರಣದಲ್ಲಿ ಅದು ಜಾರಿಹೋಗುತ್ತದೆ. ಆವೃತ್ತಿಯನ್ನು ಹೇಳದ ಕ್ರಮಸಂಖ್ಯೆಯೂ ಹಾಗೆಯೇ, ಏಕೆಂದರೆ ಬಸವನಾಳರ ಸಂಖ್ಯೆ ಕಲಬುರ್ಗಿಯವರ ಸಂಖ್ಯೆಯಲ್ಲ. ಪಾಠಾಂತರದಿಂದ ಅರ್ಥವೇ ಬದಲಾಗುವಲ್ಲಿ ಆ ಪಾಠವನ್ನೂ ಕೊಡಬೇಕು; ಒಂದು ಅಕ್ಷರದ ವ್ಯತ್ಯಾಸಕ್ಕೆಲ್ಲ ಬೇಡ. ಪುರಾಣದ ಕಥೆಗೆ ಕವಿಯ ಹೆಸರೂ ಕಾಂಡ, ಸಂಧಿಗಳೂ ಸಾಕು. ಮಠದಲ್ಲಿ ಸಂಜೆ ಗಟ್ಟಿಯಾಗಿ ಓದುವ ಭಕ್ತರಿಗೆ ತೊಡಕಾಗುವುದಾದರೆ ಟಿಪ್ಪಣಿಗಳನ್ನೆಲ್ಲ ಅಧ್ಯಾಯದ ಕೊನೆಗೆ ಒಯ್ಯಬಹುದು. ಹಾಗೆ ಮಾಡಿದಾಗ ಅವು ನೋಡದೆ ಉಳಿಯುವ ಸಂಭವ ಹೆಚ್ಚೆಂಬುದು ನಿಜ, ಆದರೂ ಇಲ್ಲದಿರುವುದಕ್ಕಿಂತ ಮೇಲು.

ಹಿರಿಯರ ಬಾಯಿಂದ ಕೇಳಿಬಂದ, ಯಾವ ಸಂಪುಟದಲ್ಲಿಯೂ ಸಿಕ್ಕದ ಮಾತುಗಳ ಗತಿಯೇನು? ಅವುಗಳನ್ನು ಬಿಟ್ಟುಬಿಡಬೇಕೆನ್ನುವುದು ಅತಿಯಾದೀತು. ಮಠಗಳ ಪರಂಪರೆಯಲ್ಲಿ ಬಾಯಿಂದ ಬಾಯಿಗೆ ಬಂದ ವಚನಗಳಲ್ಲಿ ಕೆಲವು ಯಾವುದೋ ಓಲೆಯಲ್ಲಿ ಇನ್ನೂ ಬಿಚ್ಚದೆ ಇರಲೂಬಹುದು. ಉತ್ತಂಗಿ ಚನ್ನಪ್ಪನವರು 1924ರಲ್ಲಿ 'ಸರ್ವಜ್ಞನ ವಚನಗಳು' ಸಂಗ್ರಹವನ್ನು ಹೊರತಂದಾಗ ಹಸ್ತಪ್ರತಿಗಳನ್ನು ನೋಡಿದಂತೆಯೇ ಜನರ ಬಾಯನ್ನೂ ಕೇಳಿದ್ದರು. ಅಂತಹ ಮಾತನ್ನು ಅಚ್ಚುಹಾಕುವಾಗ ಯಾವ ಊರಿನ, ಯಾವ ಮಠದ ಪರಂಪರೆಯಲ್ಲಿ, ಯಾವ ವರ್ಷ ಕೇಳಿದ್ದೆಂದು ಬರೆದು, ಅದರ ಕೆಳಗೆ 'ಮುದ್ರಿತ ಆಕರ ದೊರೆತಿಲ್ಲ' ಎಂದು ಕಾಣಿಸಿದರೆ, ಮುಂದೆ ಓಲೆಗರಿ ಬಿಚ್ಚುವವರಿಗೆ ಅದೊಂದು ಸುಳಿವಾಗಿ ಉಳಿಯುತ್ತದೆ. ಬಸವಣ್ಣನವರ ಹೆಸರನ್ನು ಮಾತ್ರ ಅದಕ್ಕೆ ಅಂಟಿಸಬಾರದು.